ಏಳೂವರೆ ತಿಂಗಳ ಪ್ರಧಾನಿ: ಪಿಯರ್ ಮೆಂಡೆಸ್ ಫ್ರಾನ್ಸ್ ಅಧಿಕಾರದಲ್ಲಿ ಉಳಿಯಲಿಲ್ಲವೇಕೆ?

ಪ್ರಶ್ನೆ: ಪುದುಚೇರಿಯಲ್ಲಿ ನವೆಂಬರ್ 1ನ್ನು ವಿಮೋಚನಾ ದಿನವೆಂದು ಆಚರಿಸುತ್ತಾರೆ. 1954ರ ಆ ದಿನ ಫ್ರೆಂಚರು ಆಡಳಿತವನ್ನು ಭಾರತಕ್ಕೆ ಬಿಟ್ಟುಕೊಟ್ಟಾಗ ಪ್ಯಾರಿಸ್ಸಿನಲ್ಲಿ ಪ್ರಧಾನಿಯಾಗಿದ್ದವರು ಪಿಯರ್ ಮೆಂಡೆಸ್ ಫ್ರಾನ್ಸ್ ಎಂದು ಓದಿದೆ. ಇಂಡೋಚೀನಾದ (ಇಂದಿನ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) ಯುದ್ಧವನ್ನು ನಿಲ್ಲಿಸಿದವರೂ ಅವರೇ ಎಂದು ಗೊತ್ತಾಯಿತು. ಇಷ್ಟೆಲ್ಲ ಮಾಡಿದವರು ಎಂಟು ತಿಂಗಳು ಕೂಡ ಅಧಿಕಾರದಲ್ಲಿ ಉಳಿಯಲಿಲ್ಲವೇಕೆ? ಆಮೇಲೆ ಇಪ್ಪತ್ತೇಳು ವರ್ಷ ಬದುಕಿದ್ದರೂ ಅವರು ಮತ್ತೆ ಪ್ರಧಾನಿಯಾಗಲಿಲ್ಲವೇಕೆ?

ಉತ್ತರ: ತಾವು ಕೇಳಿರುವ ಎರಡು ಪ್ರಶ್ನೆಗಳಿಗೂ ಮೂಲ ಒಂದೇ. ಮೆಂಡೆಸ್ ಫ್ರಾನ್ಸ್ ಅವರಿಗೆ ತಮ್ಮದೇ ಎನ್ನಬಹುದಾದ ಸ್ಥಿರ ಬಹುಮತ ಒಂದು ದಿನವೂ ಇರಲಿಲ್ಲ. ಎದುರಿಗೆ ಬಂದ ಒಂದೊಂದು ಸಮಸ್ಯೆಗೂ ಅವರು ರಾಷ್ಟ್ರೀಯ ಸಭೆಯಲ್ಲಿ (ಸಂಸತ್ತಿನ ಕೆಳಮನೆಯಲ್ಲಿ) ಹೊಸದಾಗಿ ಬಹುಮತ ಕೂಡಿಸಿಕೊಂಡರು, ಅದರ ಬಲದಿಂದ ನಿರ್ಧಾರ ಕೈಗೊಂಡರು, ಆ ನಿರ್ಧಾರದಿಂದ ಯಾರಿಗೆ ನೋವಾಯಿತೋ ಅವರನ್ನು ಸಮಾಧಾನಪಡಿಸಲು ಹೋಗಲಿಲ್ಲ. ಹೀಗೆ ಬೇರೆ ಬೇರೆ ಕಾರಣಕ್ಕೆ ಮುನಿಸಿಕೊಂಡವರೆಲ್ಲ ಒಂದು ರಾತ್ರಿ ಒಟ್ಟಾಗಿ ಅವರನ್ನು ಕೆಳಗಿಳಿಸಿದರು. ಮುಂದೆ ವ್ಯವಸ್ಥೆಯೇ ಬದಲಾಗಿ, ಅಧಿಕಾರಕ್ಕೆ ಬರಲು ಬೇರೆ ದಾರಿ ತೆರೆದಾಗ, ಆ ದಾರಿಯಲ್ಲಿ ನಡೆಯಲು ಅವರು ಒಪ್ಪಲಿಲ್ಲ. (ದೇಶದ ಹೆಸರೂ ವ್ಯಕ್ತಿಯ ಹೆಸರೂ ಬೆರೆತು ಗೊಂದಲವಾಗದಂತೆ ಇನ್ನು ಮುಂದೆ ಅವರನ್ನು ಮೆಂಡೆಸ್ ಎಂದಷ್ಟೇ ಕರೆಯುತ್ತೇನೆ.)

ಮೊದಲು ಆ ಕಾಲದ ವ್ಯವಸ್ಥೆಯ ಬಗ್ಗೆ ಎರಡು ಮಾತು. 1946ರ ಸಂವಿಧಾನದಿಂದ ಹುಟ್ಟಿದ ನಾಲ್ಕನೆಯ ಗಣರಾಜ್ಯ 1958ರವರೆಗೆ ಬಾಳಿತು. ಆ ಹನ್ನೆರಡು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರ್ಕಾರಗಳು ಬಂದು ಹೋದವು. ರಾಷ್ಟ್ರಾಧ್ಯಕ್ಷರ ಹುದ್ದೆ ಬಹುಮಟ್ಟಿಗೆ ಅಲಂಕಾರದ್ದಾಗಿದ್ದು, ನಿಜವಾದ ಅಧಿಕಾರ ರಾಷ್ಟ್ರೀಯ ಸಭೆಯ ಕೈಯಲ್ಲಿತ್ತು. ಪ್ರಧಾನಿಯಾಗಬೇಕಾದವರು ಮೊದಲು ಒಬ್ಬರೇ ಸಭೆಯ ಮುಂದೆ ನಿಂತು ತಮ್ಮ ಕಾರ್ಯಕ್ರಮವನ್ನು ವಿವರಿಸಿ, ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು, ಅಂದರೆ 314 ಮತಗಳನ್ನು ಗಳಿಸಬೇಕಾಗಿತ್ತು. ಎಡತುದಿಯಲ್ಲಿ ನೂರರಷ್ಟು ಕಮ್ಯುನಿಸ್ಟರು 1947ರಿಂದಲೂ ಸರ್ಕಾರದ ಹೊರಗೇ ಇದ್ದರು. ಬಲಗಡೆ, ಯುದ್ಧಕಾಲದಲ್ಲಿ ಲಂಡನ್ನಿನಿಂದ ಪ್ರತಿರೋಧ ನಡೆಸಿದ ಜನರಲ್ ದ ಗಾಲ್ ಅವರ ಅನುಯಾಯಿಗಳಾದ ಗಾಲಿಸ್ಟರಿಗೆ ಆ ಸಂವಿಧಾನವೇ ಬೇಡವಾಗಿತ್ತು. ನಡುವೆ ಉಳಿದ ಸಮಾಜವಾದಿಗಳು, ಎಂ.ಆರ್.ಪಿ. ಎಂಬ ಕ್ರೈಸ್ತ ಪ್ರಜಾಸತ್ತಾವಾದಿಗಳು, ಹೆಸರಿಗೆ ತೀವ್ರವಾದಿಗಳಾದರೂ ನಡುಪಂಥದವರಾದ ರ‍್ಯಾಡಿಕಲ್ ಪಕ್ಷದವರು ಮತ್ತು ಮಿತವಾದಿ ಬಲಪಂಥೀಯರು ಶಾಲೆ, ವಸಾಹತು, ತೆರಿಗೆ, ಯುರೋಪು ಈ ಯಾವ ವಿಷಯದಲ್ಲೂ ತಮ್ಮತಮ್ಮಲ್ಲಿ ಒಪ್ಪುತ್ತಿರಲಿಲ್ಲ. ಆದ್ದರಿಂದ ಕುರ್ಚಿಯಲ್ಲಿ ಬಹಳ ದಿನ ಕೂರಬೇಕೆಂದರೆ ಯಾವ ದೊಡ್ಡ ಪ್ರಶ್ನೆಯನ್ನೂ ಮುಟ್ಟದಿರುವುದೇ ಜಾಣತನವಾಗಿತ್ತು, ಮತ್ತು ಹೆಚ್ಚಿನ ಪ್ರಧಾನಿಗಳು ಆ ಜಾಣತನವನ್ನು ಬೇಗನೆ ಕಲಿತಿದ್ದರು.

ಮೆಂಡೆಸ್ 1907ರ ಜನವರಿ 11ರಂದು ಪ್ಯಾರಿಸ್ಸಿನಲ್ಲಿ, ಪೋರ್ಚುಗಲ್ ಮೂಲದ ಯಹೂದಿ ಮನೆತನದಲ್ಲಿ ಹುಟ್ಟಿದರು. ಹದಿನಾರನೆಯ ವಯಸ್ಸಿಗೇ ರ‍್ಯಾಡಿಕಲ್ ಪಕ್ಷ ಸೇರಿ, ಕಾನೂನು ಓದಿ, ಪ್ರಧಾನಿ ಪ್ವಾಂಕಾರೆಯವರ ಹಣಕಾಸು ನೀತಿಯ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದರು. 1932ರಲ್ಲಿ ನಾರ್ಮಂಡಿಯ ಲೂವಿಯೆ ಕ್ಷೇತ್ರದಿಂದ ಗೆದ್ದಾಗ ಅವರಿಗೆ ಇಪ್ಪತ್ತೈದು ವರ್ಷ. ಸಭೆಯಲ್ಲಿ ಅವರಷ್ಟು ಕಿರಿಯರು ಬೇರೆ ಯಾರೂ ಇರಲಿಲ್ಲ. 1936ರಲ್ಲಿ ಹಿಟ್ಲರನ ಬರ್ಲಿನ್ ಒಲಿಂಪಿಕ್ಸ್‌ಗೆ ಫ್ರೆಂಚ್ ತಂಡ ಕಳಿಸುವ ಅನುದಾನ ಮತಕ್ಕೆ ಬಂದಾಗ ವಿರುದ್ಧವಾಗಿ ಮತ ಹಾಕಿದ ಏಕೈಕ ಸದಸ್ಯ ಅವರೇ. 1938ರ ವಸಂತದಲ್ಲಿ ಸಮಾಜವಾದಿ ಲೆಯೊಂ ಬ್ಲುಮ್ ಅವರ ಎರಡನೆಯ ಸರ್ಕಾರದಲ್ಲಿ ಖಜಾನೆಯ ಉಪಮಂತ್ರಿಯಾಗಿ ಕೆಲವೇ ವಾರ ಕೆಲಸ ಮಾಡಿದರು. ಆಗ ಅವರು ಜಾರ್ಜ್ ಬೋರಿಸ್ ಜೊತೆ ಸೇರಿ ತಯಾರಿಸಿದ, ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ಚಿಂತನೆಯಿಂದ ಪ್ರೇರಿತವಾದ ಆರ್ಥಿಕ ಯೋಜನೆ ಸೆನೆಟ್‌ನಲ್ಲಿ ಬಿದ್ದುಹೋಯಿತು.

ಯುದ್ಧಕಾಲದ ಅವರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಮುಂದೆ ಸಭೆಯಲ್ಲಿ ಅವರಿಗಿದ್ದ ನೈತಿಕ ತೂಕಕ್ಕೆ ಅದೂ ಕಾರಣ. 1940ರ ಜೂನ್‌ನಲ್ಲಿ ಸೋಲು ಖಚಿತವಾದಾಗ, ಉತ್ತರ ಆಫ್ರಿಕಾದಿಂದ ಹೋರಾಟ ಮುಂದುವರಿಸಬೇಕೆಂದು ನಂಬಿದ ಕೆಲವು ಸಂಸದರು ‘ಮಸ್ಸಿಲಿಯಾ’ ಎಂಬ ಹಡಗಿನಲ್ಲಿ ಕಾಸಾಬ್ಲಾಂಕಾಕ್ಕೆ ಹೊರಟರು. ವಾಯುಪಡೆಯ ಅಧಿಕಾರಿಯಾಗಿದ್ದ ಮೆಂಡೆಸ್ ಅವರಲ್ಲೊಬ್ಬರು. ಜರ್ಮನಿಗೆ ಮಣಿದ ಫ್ರಾನ್ಸಿನ ವಿಷಿ ಸರ್ಕಾರ ಇದನ್ನು ಸೇನೆಯಿಂದ ಪಲಾಯನವೆಂದು ಕರೆದು, ಮೊರಾಕ್ಕೋದಲ್ಲಿ ಅವರನ್ನು ಬಂಧಿಸಿ, 1941ರ ಮೇ ತಿಂಗಳಲ್ಲಿ ಕ್ಲೆರ್ಮೊಂ-ಫೆರಾಂ ನಗರದ ಸೇನಾ ನ್ಯಾಯಾಲಯದಲ್ಲಿ ಆರು ವರ್ಷದ ಶಿಕ್ಷೆ ವಿಧಿಸಿತು. ಜೂನ್ 21ರ ರಾತ್ರಿ ಅವರು ಸರಳು ಕೊಯ್ದು ತಪ್ಪಿಸಿಕೊಂಡರು. ಗೋಡೆ ಹತ್ತಿ ಇನ್ನೇನು ಧುಮುಕಬೇಕು ಎನ್ನುವಷ್ಟರಲ್ಲಿ ಕೆಳಗೆ ಮರದ ನೆರಳಿನಲ್ಲಿ ಒಂದು ಪ್ರೇಮಿಗಳ ಜೋಡಿ ಕಾಣಿಸಿತಂತೆ. ಹುಡುಗ ಬೇಡಿಕೊಳ್ಳುತ್ತಿದ್ದಾನೆ, ಹುಡುಗಿ ಮನಸ್ಸು ಮಾಡುತ್ತಿಲ್ಲ, ಗೋಡೆಯ ಮೇಲೆ ಕೈದಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಾನೆ. ಕಡೆಗೂ ಅವಳು ಒಪ್ಪಿ ಇಬ್ಬರೂ ಅಲ್ಲಿಂದ ಹೊರಟಾಗ ಆ ಹುಡುಗನಿಗಿಂತ ತಮಗೇ ಹೆಚ್ಚು ಸಂತೋಷವಾಯಿತೆಂದು ಮೆಂಡೆಸ್ ವೃದ್ಧಾಪ್ಯದಲ್ಲಿ ನಗುತ್ತ ಹೇಳಿಕೊಂಡಿದ್ದಾರೆ. 1942ರಲ್ಲಿ ಲಂಡನ್ ಸೇರಿದ ಅವರು ಮಂತ್ರಿಗಿರಿಯನ್ನಲ್ಲ, ಬಾಂಬರ್ ವಿಮಾನದಲ್ಲಿ ಹಾರುವ ಕೆಲಸವನ್ನು ಕೇಳಿ ಪಡೆದು ‘ಲೊರೇನ್’ ದಳದಲ್ಲಿ ದಾಳಿಗಳಿಗೆ ಹೋದರು. 1943ರ ನವೆಂಬರ್‌ನಲ್ಲಿ ದ ಗಾಲ್ ಮೆಂಡೆಸ್ ಅವರನ್ನು ಆಲ್ಜಿಯರ್ಸ್‌ಗೆ ಕರೆಸಿ ಹಣಕಾಸಿನ ಹೊಣೆ ಕೊಟ್ಟರು.

1944ರ ಜುಲೈನಲ್ಲಿ, ಯುದ್ಧಾನಂತರದ ಜಾಗತಿಕ ಹಣಕಾಸು ವ್ಯವಸ್ಥೆಯನ್ನು ರೂಪಿಸಿದ ಬ್ರೆಟನ್ ವುಡ್ಸ್ ಸಮ್ಮೇಳನಕ್ಕೆ ಹೋದ ಫ್ರೆಂಚ್ ನಿಯೋಗದ ನಾಯಕರೂ ಅವರೇ.   

ಯುದ್ಧ ಮುಗಿಯುವ ಹೊತ್ತಿಗೆ ಅವರು ಮೊದಲ ಬಾರಿ ತಮ್ಮ ಸ್ವಭಾವವನ್ನು ತೋರಿಸಿದರು. ವಿಮೋಚನೆಗೊಂಡ ಫ್ರಾನ್ಸಿನಲ್ಲಿ ಸರಕು ಕಡಿಮೆಯಿತ್ತು, ಕಾಗದದ ಹಣ ವಿಪರೀತವಾಗಿತ್ತು. ಬೆಲ್ಜಿಯಂನಲ್ಲಿ ಕಾಮಿಲ್ ಗುಟ್ ಮಾಡಿದಂತೆ ಹಳೆಯ ನೋಟುಗಳನ್ನು ಹಿಂತೆಗೆದುಕೊಂಡು, ಬ್ಯಾಂಕ್ ಖಾತೆಗಳ ಒಂದು ಭಾಗವನ್ನು ತಡೆಹಿಡಿದು, ಕಾಳಸಂತೆಯ ಲಾಭವನ್ನು ಬಯಲಿಗೆಳೆಯಬೇಕೆಂದು ರಾಷ್ಟ್ರೀಯ ಆರ್ಥಿಕತೆಯ ಮಂತ್ರಿಯಾಗಿದ್ದ ಮೆಂಡೆಸ್ ಪಟ್ಟು ಹಿಡಿದರು. ಹಣಕಾಸು ಮಂತ್ರಿ ರೆನೆ ಪ್ಲೆವೆನ್, ನಾಲ್ಕು ವರ್ಷ ನರಳಿದ ಜನರ ಮೇಲೆ ಮತ್ತೊಂದು ಹೊರೆ ಬೇಡವೆಂದರು. ಆಗ ಸರ್ಕಾರದ ಮುಖ್ಯಸ್ಥರಾಗಿದ್ದ ದ ಗಾಲ್ ಪ್ಲೆವೆನ್ ಕಡೆ ವಾಲಿದರು. 1945ರ ಏಪ್ರಿಲ್‌ನಲ್ಲಿ ಮೆಂಡೆಸ್ ರಾಜೀನಾಮೆ ಕೊಟ್ಟು ಹೊರಬಂದರು. ಮುಂದಿನ ವರ್ಷಗಳ ಹಣದುಬ್ಬರ ಅವರ ಎಚ್ಚರಿಕೆಯನ್ನು ನಿಜ ಮಾಡಿತಾದರೂ, ಹೀಗೆ ಸರಿ ಎನಿಸಿಕೊಂಡದ್ದರಿಂದ ಅವರಿಗೆ ರಾಜಕೀಯವಾಗಿ ಏನೂ ದಕ್ಕಲಿಲ್ಲ. ಅವರು ಅಧಿಕಾರಕ್ಕೆ ಮರಳಲು ಒಂಬತ್ತು ವರ್ಷ ಹಿಡಿಯಿತು.

ಮರಳಿ ತಂದದ್ದು ಇಂಡೋಚೀನಾ. 1946ರ ಕೊನೆಯಿಂದ ಅಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಕಮ್ಯುನಿಸ್ಟ್ ನಾಯಕ ಹೋ ಚಿ ಮಿನ್ ಅವರ ವಿಯೆಟ್‌ಮಿನ್ ಪಡೆಗಳೊಂದಿಗೆ ನಡೆಯುತ್ತಿದ್ದ ಯುದ್ಧವನ್ನು ಸರ್ಕಾರಗಳು ಒಂದಾದ ಮೇಲೊಂದು ಗೆಲ್ಲಲಾರದೆ, ಬಿಡಲಾರದೆ ಎಳೆಯುತ್ತಿದ್ದವು. 1950ರ ಅಕ್ಟೋಬರ್ 19ರಂದು, ಉತ್ತರ ವಿಯೆಟ್ನಾಂನ ಕಾವೊ ಬಾಂಗ್ ಸೋಲಿನ ಸುದ್ದಿ ಬಂದ ಬೆನ್ನಿಗೆ, ಮೆಂಡೆಸ್ ಸಭೆಯಲ್ಲಿ ಲೆಕ್ಕ ಬಿಡಿಸಿ ಹೇಳಿದರು: ಗೆಲ್ಲಬೇಕೆಂದರೆ ಸೈನ್ಯವನ್ನೂ ಹಣವನ್ನೂ ಹಲವು ಪಟ್ಟು ಹೆಚ್ಚಿಸಬೇಕು, ಅದಕ್ಕೆ ತೆರಿಗೆ ಏರಬೇಕು, ಯುರೋಪಿನ ರಕ್ಷಣೆ ಸೊರಗಬೇಕು, ಅದು ಬೇಡವೆಂದರೆ ಎದುರಾಳಿಯೊಂದಿಗೇ ಕುಳಿತು ಮಾತನಾಡಬೇಕು. ಮೂರನೆಯ ದಾರಿ ಇದೆಯೆಂದು ನಟಿಸುವುದು ಸುಳ್ಳು ಎಂಬುದು ಅವರ ವಾದವಾಗಿತ್ತು. 1953ರ ಜೂನ್‌ನಲ್ಲಿ ಪ್ರಧಾನಿ ಅಭ್ಯರ್ಥಿಯಾಗಿ ನಿಂತಾಗ ‘ಆಳುವುದೆಂದರೆ ಆಯ್ದುಕೊಳ್ಳುವುದು’ ಎಂದು ಅವರು ಹೇಳಿದ ಮಾತು ಇಂದಿಗೂ ಫ್ರಾನ್ಸಿನಲ್ಲಿ ಬಳಕೆಯಲ್ಲಿದೆ. ಆ ಸಲ ಅವರಿಗೆ 301 ಮತ ಬಂದು, ಹದಿಮೂರರಿಂದ ಅವಕಾಶ ತಪ್ಪಿತು.

1954ರ ಮೇ 7ರಂದು ಫ್ರೆಂಚರ ದಿಯೆನ್ ಬಿಯೆನ್ ಫು ಕೋಟೆ ಬಿದ್ದಿತು. ಜಿನೀವಾದಲ್ಲಿ ಆಗಲೇ ಶಾಂತಿ ಮಾತುಕತೆಯ ಸಮ್ಮೇಳನ ಕೂಡಿತ್ತು. ಆದರೆ ವಿದೇಶಾಂಗ ಮಂತ್ರಿ ಜಾರ್ಜ್ ಬಿದೋ ವಿಯೆಟ್‌ಮಿನ್ ಪ್ರತಿನಿಧಿಗಳೊಂದಿಗೆ ನೇರ ಮಾತಿಗೆ ಸಿದ್ಧರಿರಲಿಲ್ಲ. ಜೂನ್ 12ರಂದು ಪ್ರಧಾನಿ ಲಾನಿಯೆಲ್ ಅವರ ಸರ್ಕಾರ ಬಿದ್ದು, ರಾಷ್ಟ್ರಾಧ್ಯಕ್ಷ ರೆನೆ ಕೋತಿ ಮೆಂಡೆಸ್ ಅವರನ್ನು ಕರೆದರು. ಜೂನ್ 17ರಂದು ಸಭೆಯ ಮುಂದೆ ಅವರು ಇಟ್ಟ ಷರತ್ತು ಫ್ರೆಂಚ್ ಸಂಸತ್ತಿನಲ್ಲಿ ಹಿಂದೆಂದೂ ಕೇಳಿರದಂಥದ್ದು: ಜುಲೈ 20ರೊಳಗೆ ಕದನವಿರಾಮ ಆಗದಿದ್ದರೆ ರಾಜೀನಾಮೆ. ಅದಕ್ಕಿಂತ ವಿಚಿತ್ರವಾದ ಇನ್ನೊಂದು ಮಾತನ್ನೂ ಸೇರಿಸಿದರು. ಕಮ್ಯುನಿಸ್ಟರು ತಮಗೆ ಮತ ಹಾಕಿದರೆ ಅದನ್ನು ಎಣಿಕೆಗೆ ಹಿಡಿಯುವುದಿಲ್ಲ, ಆ ಮತಗಳನ್ನು ಕಳೆದ ಮೇಲೂ 314 ಉಳಿದರೆ ಮಾತ್ರ ಅಧಿಕಾರ ಸ್ವೀಕರಿಸುತ್ತೇನೆ ಎಂದರು. ಶತ್ರುವಿನೊಂದಿಗೆ ಸಂಧಾನಕ್ಕೆ ಹೋಗುವವನು ಶತ್ರುವಿನ ಮಿತ್ರರ ಕೃಪೆಯಿಂದ ಗೆದ್ದವನೆಂಬ ಮಾತು ಬರಬಾರದೆಂಬುದು ಅವರ ಎಣಿಕೆ. ಪರವಾಗಿ 419, ವಿರುದ್ಧವಾಗಿ 47 ಮತ ಬಂದು, 143 ಮಂದಿ ತಟಸ್ಥರಾಗಿ ಉಳಿದರು. ಕಮ್ಯುನಿಸ್ಟರನ್ನು ಕಳೆದರೆ ಸುಮಾರು 320. ದಾಟಿದ್ದು ಕೂದಲೆಳೆಯಷ್ಟು ಅಂತರದಿಂದ. ತಟಸ್ಥರಲ್ಲಿ ಬಹುಪಾಲು ಬಿದೋ ಅವರ ಎಂ.ಆರ್.ಪಿ.ಯವರೇ ಇದ್ದರೆಂಬುದನ್ನು ನೆನಪಿನಲ್ಲಿಡಬೇಕು.

ಗಡುವು ಹಾಕಿಕೊಂಡದ್ದು ಹುಚ್ಚು ಸಾಹಸವೆಂದು ಅನೇಕರು ಟೀಕಿಸಿದರು, ಏಕೆಂದರೆ ಅವಸರದಲ್ಲಿರುವವನಿಂದ ಎದುರಾಳಿ ಹೆಚ್ಚು ಕಿತ್ತುಕೊಳ್ಳುತ್ತಾನೆ ಎಂಬುದು ಸಂಧಾನದ ಮೊದಲ ಪಾಠ. ನನ್ನ ಅಭಿಪ್ರಾಯದಲ್ಲಿ ಆ ಟೀಕೆ ಅರ್ಧ ಮಾತ್ರ ಸರಿ. ಗಡುವಿನ ಒತ್ತಡ ಎರಡೂ ಕಡೆಗಿತ್ತು. ಮೆಂಡೆಸ್ ಬಿದ್ದರೆ ಮತ್ತೆ ಯುದ್ಧವಾದಿಗಳು ಬರುತ್ತಾರೆ, ಅಮೆರಿಕ ನೇರವಾಗಿ ಇಳಿಯಬಹುದು ಎಂಬ ಭಯ ಮಾಸ್ಕೋಗೂ ಬೀಜಿಂಗ್‌ಗೂ ಇತ್ತು. ಆ ಭಯಕ್ಕೆ ಮೆಂಡೆಸ್ ತಾವೇ ಗಾಳಿ ಹಾಕಿದರು: ಸಂಧಾನ ಮುರಿದರೆ ತಮ್ಮ ಸರ್ಕಾರದ ಕೊನೆಯ ಕೆಲಸ, ಅದುವರೆಗೆ ಇಂಡೋಚೀನಾಕ್ಕೆ ಕಳಿಸದಿದ್ದ ಕಡ್ಡಾಯ ಸೇವೆಯ ಸೈನಿಕರನ್ನು ಕಳಿಸಲು ಅನುಮತಿ ಕೇಳುವುದೇ ಆಗಿರುತ್ತದೆ ಎಂದು ಜುಲೈ ಆರಂಭದಲ್ಲಿ ಘೋಷಿಸಿದರು. ವಿದೇಶಾಂಗ ಖಾತೆಯನ್ನು ತಮ್ಮಲ್ಲೇ ಇಟ್ಟುಕೊಂಡಿದ್ದ ಅವರು ಜೂನ್ 23ರಂದು ಬರ್ನ್ ನಗರದಲ್ಲಿ ಚೀನಾದ ಪ್ರಧಾನಿ ಚೌ ಎನ್-ಲೈ ಅವರನ್ನು ಭೇಟಿಯಾದರು. ಬಳಿಕ ವಿಯೆಟ್‌ಮಿನ್ ನಾಯಕ ಫಾಮ್ ವಾನ್ ಡೊಂಗ್ ಜೊತೆಗೂ ಮುಖಾಮುಖಿ ಕುಳಿತರು. ವಿಯೆಟ್ನಾಮನ್ನು ತಾತ್ಕಾಲಿಕವಾಗಿ ಇಬ್ಭಾಗಿಸುವ ಗೆರೆ ಎಲ್ಲಿ ಹಾಯಬೇಕೆಂಬುದೇ ಚೌಕಾಸಿಯ ತಿರುಳು: ಡೊಂಗ್ 13ನೆಯ ಅಕ್ಷಾಂಶದಿಂದ ಆರಂಭಿಸಿ 16ಕ್ಕೆ ಬಂದರು, ಫ್ರೆಂಚರು 18 ಎಂದರು, ಕಡೆಯ ದಿನ ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್ 17 ಎಂದು ತೀರ್ಮಾನಿಸಿದರು. ಏಕೀಕರಣದ ಚುನಾವಣೆಗೆ ಎರಡು ವರ್ಷದ ಅವಧಿಯೂ ಆಗಲೇ ನಿಗದಿಯಾಯಿತು.

ಜುಲೈ 20ರ ರಾತ್ರಿ ಎಲ್ಲ ಮುಗಿಯಿತು ಎನ್ನುವಾಗ ಕಾಂಬೋಡಿಯಾದ ಪ್ರತಿನಿಧಿ ಸಹಿ ಹಾಕಲಾರೆನೆಂದು ಕೂತುಬಿಟ್ಟರು. ಬೇಕಾದಾಗ ವಿದೇಶಿ ಸೇನಾ ನೆರವು ಪಡೆಯುವ ಹಕ್ಕು ತಮ್ಮ ದೇಶಕ್ಕೆ ಬೇಕೆಂಬುದು ಅವರ ಹಟ. ಮಹಾಶಕ್ತಿಗಳೆಲ್ಲ ಒಂದು ಪುಟ್ಟ ರಾಜ್ಯದ ಪ್ರತಿನಿಧಿಯನ್ನು ಮಧ್ಯರಾತ್ರಿ ದಾಟಿದ ಮೇಲೂ ಓಲೈಸುತ್ತ ಕೂತು, ಕಡೆಗೆ ಮೊಲೊಟೊವ್ ಮಣಿದರು. ವಿಯೆಟ್ನಾಂ ಮತ್ತು ಲಾವೋಸ್ ಒಪ್ಪಂದಗಳಿಗೆ ಸಹಿ ಬಿದ್ದಾಗ 21ರ ಬೆಳಗಿನ ಜಾವವಾಗಿತ್ತು. ಕಾಗದದ ಮೇಲೆ ತಾರೀಖು 20 ಎಂದೇ ಇದೆ. ಗಡಿಯಾರಗಳನ್ನು ಹನ್ನೆರಡಕ್ಕೆ ನಿಲ್ಲಿಸಿದ್ದರೆಂಬ ಕಥೆ ಅಲ್ಲಿಂದಲೇ ಹುಟ್ಟಿದ್ದು. ಈ ಮಾತುಕತೆಯ ಮೇಜಿನಲ್ಲಿ ಭಾರತಕ್ಕೆ ಸ್ಥಾನವಿರಲಿಲ್ಲ, ಆದರೆ ನೆಹರೂ ಕಳಿಸಿದ್ದ ವಿ.ಕೆ. ಕೃಷ್ಣ ಮೆನನ್ ಜಿನೀವಾದ ಹೋಟೆಲುಗಳ ನಡುವೆ ಓಡಾಡುತ್ತ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತಿದ್ದರು. ಒಪ್ಪಂದದ ಉಸ್ತುವಾರಿಗೆ ರಚನೆಯಾದ ಅಂತಾರಾಷ್ಟ್ರೀಯ ಆಯೋಗದ ಅಧ್ಯಕ್ಷತೆ ಭಾರತಕ್ಕೇ ಬಂತು, ಕೆನಡಾ ಮತ್ತು ಪೋಲೆಂಡ್ ಸದಸ್ಯರಾದವು. ಎರಡು ವರ್ಷದ ನಂತರ ಆಗಬೇಕಿದ್ದ ಚುನಾವಣೆ ಆಗಲಿಲ್ಲ, ಮುಂದೆ ಅಮೆರಿಕದ ಯುದ್ಧ ಬಂತು. ಆದರೆ ಫ್ರಾನ್ಸಿನ ಯುದ್ಧ ಮುಗಿಯಿತು. ಮೆಂಡೆಸ್ ಕೊಟ್ಟಿದ್ದ ಮಾತು ಅಷ್ಟೇ ಆಗಿತ್ತು.

ಹತ್ತು ದಿನ ಕಳೆಯುವಷ್ಟರಲ್ಲಿ, ಜುಲೈ 31ರಂದು, ಅವರು ಯಾರಿಗೂ ಮುನ್ಸೂಚನೆ ಕೊಡದೆ, ಫ್ರೆಂಚರ ಹಿಡಿತದಲ್ಲಿದ್ದ ಟುನೀಸಿಯಾಕ್ಕೆ ಹಾರಿದರು. ಕಾರ್ಥೇಜ್‌ನಲ್ಲಿ ಅಲ್ಲಿನ ದೊರೆ ಬೇ ಅವರ ಮುಂದೆ ನಿಂತು ಆಂತರಿಕ ಸ್ವಾಯತ್ತತೆಯನ್ನು ಘೋಷಿಸಿದರು. ವಸಾಹತುವಾದಿ ಬಲಪಂಥೀಯರು ಬಾಯಿ ತೆರೆಯದಂತೆ ಮಾಡಲು ಅವರಲ್ಲೇ ಪೂಜ್ಯರಾಗಿದ್ದ ಮಾರ್ಷಲ್ ಜುವೆನ್ ಅವರನ್ನು ಜೊತೆಗೆ ಕರೆದುಕೊಂಡು ಹೋದದ್ದು ಚಾಣಾಕ್ಷ ನಡೆ. ಬಾಯಿ ಮುಚ್ಚಿದ್ದು ಕೆಲವು ವಾರ ಮಾತ್ರ.

ಇನ್ನು ತಮಗೆ ಆಸಕ್ತಿಯಿರುವ ಪುದುಚೇರಿ. 1948ರಲ್ಲೇ ಜನಾಭಿಪ್ರಾಯ ಕೇಳುವ ಒಪ್ಪಂದವಾಗಿದ್ದರೂ ಭಾರತದಲ್ಲಿದ್ದ ಫ್ರೆಂಚ್ ನೆಲೆಗಳಲ್ಲಿ ಬಂಗಾಳದ ಚಂದ್ರನಗರವೊಂದು ಬಿಟ್ಟು ಉಳಿದ ನಾಲ್ಕು ನೆಲೆಗಳ ವಿಷಯ ವರ್ಷಗಟ್ಟಲೆ ಕದಲಿರಲಿಲ್ಲ. 1954ರ ಜುಲೈ ಕೊನೆಯ ಹೊತ್ತಿಗೆ ಯಾನಂ ಮತ್ತು ಮಾಹೆ ಆಗಲೇ ಹೋರಾಟಗಾರರ ಕೈಗೆ ಹೋಗಿದ್ದವು. ಇಂಡೋಚೀನಾವನ್ನು ಬಿಟ್ಟ ಮೇಲೆ, ಅಲ್ಲಿಗೆ ಹೋಗುವ ದಾರಿಯ ತಂಗುದಾಣಗಳಂತಿದ್ದ ಈ ನೆಲೆಗಳಿಗಾಗಿ ನೆಹರೂ ಅವರೊಂದಿಗೆ ಜಗಳ ಕಾಯುವುದರಲ್ಲಿ ಮೆಂಡೆಸ್‌ಗೆ ಅರ್ಥ ಕಾಣಲಿಲ್ಲ. ಪ್ರತಿಯೊಬ್ಬ ನಾಗರಿಕನ ಮತಗಣನೆಯ ಬದಲು ಚುನಾಯಿತ ಪ್ರತಿನಿಧಿಗಳ ಮತ ಸಾಕೆಂದು ಒಪ್ಪಿದರು. ಅಕ್ಟೋಬರ್ 18ರಂದು ಕೀಳೂರು ಎಂಬ ಹಳ್ಳಿಯಲ್ಲಿ 178 ಪ್ರತಿನಿಧಿಗಳು ಸೇರಿ, 170 ಮಂದಿ ಭಾರತದೊಂದಿಗೆ ವಿಲೀನದ ಪರವಾಗಿಯೂ 8 ಮಂದಿ ವಿರುದ್ಧವಾಗಿಯೂ ಮತ ಹಾಕಿದರು. 21ರಂದು ದೆಹಲಿಯಲ್ಲಿ ಒಪ್ಪಂದವಾಗಿ ನವೆಂಬರ್ 1ರಂದು ಆಡಳಿತ ಹಸ್ತಾಂತರವಾಯಿತು. ಕರ್ನಾಟಕದ ರಾಜ್ಯೋತ್ಸವಕ್ಕೂ ಅದೇ ತಾರೀಖಾಗಿದ್ದು ಎರಡು ವರ್ಷದ ನಂತರ, ಬೇರೆಯೇ ಕಾರಣಕ್ಕೆ. ಕಾನೂನಿನ ಪ್ರಕಾರ ಸಾರ್ವಭೌಮತ್ವ ಭಾರತಕ್ಕೆ ಬಂದದ್ದು ಮಾತ್ರ 1962ರ ಆಗಸ್ಟ್ 16ರಂದು. ಹಸ್ತಾಂತರದ ಒಪ್ಪಂದಕ್ಕೆ 1956ರಲ್ಲೇ ಸಹಿಯಾಗಿದ್ದರೂ, ಆಲ್ಜೀರಿಯಾ ಯುದ್ಧ ಮುಗಿಯುವವರೆಗೆ ಫ್ರೆಂಚ್ ಸಂಸತ್ತು ಅದನ್ನು ಅನುಮೋದಿಸಲಿಲ್ಲ.

ಇಷ್ಟರವರೆಗಿನ ಕೆಲಸಗಳಿಗೆ ಜನರ ಮೆಚ್ಚುಗೆಯಿತ್ತು. ಪ್ರತಿ ವಾರ ರೇಡಿಯೋದಲ್ಲಿ ಸರಳವಾಗಿ ಮಾತನಾಡುವ ಪ್ರಧಾನಿ ಫ್ರೆಂಚರಿಗೆ ಹೊಸಬರು. ‘ಲೆಕ್ಸ್‌ಪ್ರೆಸ್’ ವಾರಪತ್ರಿಕೆ ಮತ್ತು ಕಾದಂಬರಿಕಾರ ಫ್ರಾಂಸ್ವಾ ಮೊರಿಯಾಕ್ ಅವರ ಲೇಖನಿ ಬೆಂಬಲಕ್ಕಿದ್ದವು. ಸಭೆಯೊಳಗಿನ ಕಥೆ ಬೇರೆ. ಅದನ್ನು ಕೆಡಿಸಿದ್ದು ಯುರೋಪಿಯನ್ ರಕ್ಷಣಾ ಸಮುದಾಯದ ಒಪ್ಪಂದ. ಜರ್ಮನಿಯ ಸೈನಿಕರನ್ನು ಸೇರಿಸಿಕೊಂಡು ಆರು ದೇಶಗಳ ಒಂದೇ ಸೇನೆ ಕಟ್ಟುವ ಈ ಯೋಜನೆ ಫ್ರೆಂಚರದೇ ಕೂಸು; 1952ರ ಮೇ ತಿಂಗಳಲ್ಲಿ ಸಹಿಯೂ ಆಗಿತ್ತು. ಆದರೆ ಅದನ್ನು ಸಭೆಯ ಮುಂದೆ ತರುವ ಧೈರ್ಯ ಯಾವ ಪ್ರಧಾನಿಗೂ ಬಂದಿರಲಿಲ್ಲ, ಏಕೆಂದರೆ ಆ ಪ್ರಶ್ನೆ ಒಂದೊಂದು ಪಕ್ಷವನ್ನೂ ಒಳಗೇ ಸೀಳುತ್ತಿತ್ತು. ಎಂ.ಆರ್.ಪಿ.ಗೆ ಅದು ಪ್ರಾಣ, ಕಮ್ಯುನಿಸ್ಟರಿಗೂ ಗಾಲಿಸ್ಟರಿಗೂ ವಿಷ, ಸಮಾಜವಾದಿಗಳಲ್ಲಿ ಅರ್ಧಕ್ಕರ್ಧ. ಮೆಂಡೆಸ್ ಬ್ರಸೆಲ್ಸ್‌ಗೆ ಹೋಗಿ ತಿದ್ದುಪಡಿ ಕೇಳಿ, ಬರಿಗೈಯಲ್ಲಿ ಹಿಂದಿರುಗಿ, ಒಪ್ಪಂದವನ್ನು ಸಭೆಗೆ ತಂದರು. ಆದರೆ ಸರ್ಕಾರದ ಅಳಿವು ಉಳಿವನ್ನು ಅದಕ್ಕೆ ಕಟ್ಟಲಿಲ್ಲ. ಆಗಸ್ಟ್ 30ರಂದು ವಿಷಯದ ಚರ್ಚೆಗೇ ಹೋಗದೆ, ಒಂದು ಪೂರ್ವಭಾವಿ ನಿರ್ಣಯದ ಮೂಲಕ 319ಕ್ಕೆ 264 ಮತಗಳಿಂದ ಸಭೆ ಅದನ್ನು ಹೂತುಹಾಕಿತು. ಎಂಬತ್ತು ದಾಟಿದ ಮಾಜಿ ಪ್ರಧಾನಿ ಎದ್ವಾರ್ ಎರಿಯೊ ಏಳಲಾರದೆ ಕೂತಲ್ಲಿಂದಲೇ ಒಪ್ಪಂದದ ವಿರುದ್ಧ ಮಾತನಾಡಿದರು. ಫಲಿತಾಂಶ ಬಂದಾಗ ಗೆದ್ದವರು ರಾಷ್ಟ್ರಗೀತೆ ಹಾಡಿದರು, ಸೋತವರು ಧಿಕ್ಕಾರ ಕೂಗಿದರು.

ಎಂ.ಆರ್.ಪಿ. ಅದನ್ನು ‘ಆಗಸ್ಟ್ 30ರ ಅಪರಾಧ’ ಎಂದು ಕರೆದು ಎಂದೂ ಕ್ಷಮಿಸಲಿಲ್ಲ. ಈ ಪ್ರಕರಣದಲ್ಲಿ ಮೆಂಡೆಸ್ ನಡೆ ಅವರ ಸ್ವಭಾವಕ್ಕೆ ಹೊಂದುವುದಿಲ್ಲವೆಂದು ನನಗೂ ಅನಿಸುತ್ತದೆ. ಆಯ್ದುಕೊಳ್ಳಬೇಕೆಂದು ಉಳಿದವರಿಗೆ ಹೇಳಿದವರು ಇಲ್ಲಿ ಮಾತ್ರ ಆಯ್ಕೆಯನ್ನು ಸಭೆಗೆ ಬಿಟ್ಟು ತಾವು ಬದಿಗೆ ನಿಂತರು. ಅವರ ಮಂತ್ರಿಮಂಡಲವೇ ಎರಡು ಹೋಳಾಗಿತ್ತೆಂಬುದು ಕಾರಣವಿರಬಹುದು: ಮತದಾನಕ್ಕೆ ಮುಂಚೆ ಒಪ್ಪಂದ ಬೇಡವೆಂದ ಮೂವರು ಗಾಲಿಸ್ಟ್ ಮಂತ್ರಿಗಳು ಹೊರನಡೆದರು, ಮತದಾನದ ಬಳಿಕ ಒಪ್ಪಂದ ಬೇಕಿತ್ತೆಂಬ ಮೂವರು. ಮುಂದಿನ ಎರಡೇ ತಿಂಗಳಲ್ಲಿ ಲಂಡನ್ ಮತ್ತು ಪ್ಯಾರಿಸ್ ಮಾತುಕತೆಗಳ ಮೂಲಕ ಜರ್ಮನಿಗೆ ತನ್ನದೇ ಸೇನೆ ಮತ್ತು ನ್ಯಾಟೋ ಸದಸ್ಯತ್ವ ಕೊಡುವ ಬೇರೊಂದು ವ್ಯವಸ್ಥೆಯನ್ನು ಅವರು ಕಟ್ಟಿದರು, ಡಿಸೆಂಬರ್ 30ರಂದು 287ಕ್ಕೆ 260 ಮತಗಳಿಂದ ಸಭೆಯ ಒಪ್ಪಿಗೆಯನ್ನೂ ಪಡೆದರು. ಈ ಸಲ ಕಮ್ಯುನಿಸ್ಟರು ಶತ್ರುಗಳಾದರು. ಎಂ.ಆರ್.ಪಿ. ಮಾತ್ರ ಮರಳಲಿಲ್ಲ.

ನಡುವೆ ಹಾಲಿನ ಪ್ರಸಂಗವೊಂದಿದೆ, ಅದನ್ನು ಬರೀ ತಮಾಷೆಯೆಂದು ಬಿಡುವಂತಿಲ್ಲ. ಆಗಿನ ಫ್ರಾನ್ಸಿನಲ್ಲಿ ಕುಡಿತ ಜಗತ್ತಿನಲ್ಲೇ ಅತಿ ಹೆಚ್ಚಿನದರಲ್ಲಿ ಒಂದು. ಬೀಟ್ ಬೆಳೆಗಾರರ ಮದ್ಯಸಾರವನ್ನು ಸರ್ಕಾರವೇ ದುಬಾರಿ ಬೆಲೆಗೆ ಕೊಳ್ಳುತ್ತಿತ್ತು. ತೋಟದ ಹಣ್ಣಿನಿಂದ ತೆರಿಗೆಯಿಲ್ಲದೆ ಭಟ್ಟಿ ಇಳಿಸಿಕೊಳ್ಳುವ ಹಕ್ಕು ಲಕ್ಷಾಂತರ ಮಂದಿಗಿತ್ತು, ಅವರ ಮತಕ್ಕೆ ಹೆದರದ ಸಂಸದರಿರಲಿಲ್ಲ. ಮೆಂಡೆಸ್ ಈ ಹಕ್ಕನ್ನು ಮೊಟಕುಗೊಳಿಸಿದರು, ಬೀಟನ್ನು ಮದ್ಯದಿಂದ ಸಕ್ಕರೆಯತ್ತ ತಿರುಗಿಸಿದರು, ಶಾಲೆಗಳಲ್ಲಿ ಮಕ್ಕಳಿಗೆ ಹಾಲು ಹಂಚಿಸಿದರು, ತಾವೂ ಎಲ್ಲರೆದುರು ಲೋಟ ಹಿಡಿದು ಹಾಲು ಕುಡಿದರು. ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ಆದರೆ ಇದೇ ಸಮಯಕ್ಕೆ ಸಣ್ಣ ವ್ಯಾಪಾರಿಗಳ ತೆರಿಗೆ ವಿರೋಧಿ ಚಳವಳಿ ಕಟ್ಟುತ್ತಿದ್ದ ಪಿಯರ್ ಪೂಜಾದ್ ಅಂಥವರ ನಾಲಿಗೆಯಲ್ಲಿ ಆ ಹಾಸ್ಯ, ದ್ರಾಕ್ಷಾರಸ ಕುಡಿಯದವನು ಫ್ರೆಂಚನೇ ಅಲ್ಲ ಎಂಬ ಯಹೂದಿ ದ್ವೇಷವಾಗಿ ಮಾರ್ಪಟ್ಟಿತು. ಮೆಂಡೆಸ್ ಮೇಲಿನ ದ್ವೇಷಕ್ಕೆ ನೀತಿಗಿಂತ ಜನ್ಮವೇ ಕಾರಣವಾಗಿದ್ದ ಪಾಲು ಸಣ್ಣದಲ್ಲ.

ಪುದುಚೇರಿಯ ಹಸ್ತಾಂತರವಾದ ದಿನವೇ, ನವೆಂಬರ್ 1ರ ನಸುಕಿನಲ್ಲಿ, ಆಲ್ಜೀರಿಯಾದ ಹತ್ತಾರು ಕಡೆ ಬಾಂಬು ಸಿಡಿದು, ಸ್ವಾತಂತ್ರ್ಯಕ್ಕಾಗಿ ಹೋರಾಡುವ ರಾಷ್ಟ್ರೀಯ ವಿಮೋಚನಾ ರಂಗ (ಎಫ್.ಎಲ್.ಎನ್.) ತನ್ನ ದಂಗೆಯನ್ನು ಸಾರಿತು. ಜಿನೀವಾ, ಕಾರ್ಥೇಜ್, ಕೀಳೂರುಗಳ ಮೆಂಡೆಸ್ ಇಲ್ಲಿಯೂ ಮಾತುಕತೆ ಎನ್ನುತ್ತಾರೆಂದು ತಾವು ನಿರೀಕ್ಷಿಸಬಹುದು. ಅವರು ಹಾಗೆನ್ನಲಿಲ್ಲ. ಆಲ್ಜೀರಿಯಾ ವಸಾಹತಲ್ಲ, ಫ್ರಾನ್ಸಿನದೇ ಜಿಲ್ಲೆಗಳು, ಅದು ಬೇರೆಯಾಗುವ ಮಾತೇ ಇಲ್ಲವೆಂದು ನವೆಂಬರ್ 12ರಂದು ಸಭೆಯಲ್ಲಿ ಖಡಾಖಂಡಿತವಾಗಿ ಹೇಳಿದರು. ಒಳಾಡಳಿತ ಮಂತ್ರಿ ಫ್ರಾಂಸ್ವಾ ಮಿತರಾಂ ಕೂಡ ಅದನ್ನೇ ಹೇಳಿ ಹೆಚ್ಚುವರಿ ಪಡೆಗಳನ್ನು ಕಳಿಸಿದರು. ಮೆಂಡೆಸ್ ಅಭಿಮಾನಿಗಳು ಈ ಪುಟವನ್ನು ಬೇಗ ತಿರುಗಿಸುತ್ತಾರೆ, ಅದು ಸರಿಯಲ್ಲ. ಅಲ್ಲಿನ ಹತ್ತು ಲಕ್ಷದಷ್ಟು ಯುರೋಪಿಯನ್ನರ ಬಗ್ಗೆ ಅಂದಿನ ಯಾವ ಪ್ರಧಾನಿಯೂ ಬೇರೆ ಮಾತಾಡುವಂತಿರಲಿಲ್ಲವೆಂಬುದು ನಿಜವಾದರೂ, ವಸಾಹತುಗಳನ್ನು ಬಿಡುವುದು ಅವರಿಗೆ ತತ್ವವಾಗಿರಲಿಲ್ಲ, ದೇಶದ ಶಕ್ತಿಯ ಲೆಕ್ಕಾಚಾರವಾಗಿತ್ತು ಎಂಬುದೂ ಇಲ್ಲಿ ಗೊತ್ತಾಗುತ್ತದೆ.

ದಮನದ ಜೊತೆಗೆ ಸುಧಾರಣೆಯೂ ಬೇಕೆಂದು ಅವರು 1955ರ ಜನವರಿಯಲ್ಲಿ ಜಾಕ್ ಸೂಸ್ತೆಲ್ ಅವರನ್ನು ಗವರ್ನರ್ ಜನರಲ್ ಆಗಿ ನೇಮಿಸಿದರು. ಆಲ್ಜೀರಿಯಾದ ವಸಾಹತುಗಾರರು ಕೆರಳಲು ಅಷ್ಟೇ ಸಾಕಾಯಿತು. ಫೆಬ್ರವರಿ ಮೊದಲ ವಾರ ಉತ್ತರ ಆಫ್ರಿಕಾ ನೀತಿಯ ಚರ್ಚೆಯಲ್ಲಿ ಅವರಿಗೆ ಮಾರಕವಾದ ಭಾಷಣ ಮಾಡಿದವರು ಅವರದೇ ಪಕ್ಷದ, ಕಾನ್‌ಸ್ಟಾಂಟೈನ್ ಪ್ರದೇಶದ ಪ್ರತಿನಿಧಿ ರೆನೆ ಮಾಯೆರ್. ಫೆಬ್ರವರಿ 5ರಂದು ವಿಶ್ವಾಸಮತದಲ್ಲಿ 319 ಮಂದಿ ವಿರುದ್ಧವಾಗಿಯೂ 273 ಮಂದಿ ಪರವಾಗಿಯೂ ಮತ ಹಾಕಿದರು. ವಿರೋಧಿಸಿದವರ ಪಟ್ಟಿಯೇ ಅವರ ಏಳೂವರೆ ತಿಂಗಳ ಲೆಕ್ಕಪತ್ರ: ರಕ್ಷಣಾ ಸಮುದಾಯದ ಸಿಟ್ಟಿನ ಎಂ.ಆರ್.ಪಿ., ಜರ್ಮನಿಯ ಸೇನೆಯ ಸಿಟ್ಟಿನ ಕಮ್ಯುನಿಸ್ಟರು, ಟುನೀಸಿಯಾದ ಸಿಟ್ಟಿನ ಬಲಪಂಥೀಯರು, ಆಲ್ಜೀರಿಯಾದ ಹೆಸರಿನಲ್ಲಿ ಮುರಿದುಕೊಂಡ ಕೆಲವು ರ‍್ಯಾಡಿಕಲ್ಲರು. ಸೋತ ಪ್ರಧಾನಿ ಸುಮ್ಮನೆ ಎದ್ದು ಹೋಗುವುದು ವಾಡಿಕೆ. ಮೆಂಡೆಸ್ ವಾಡಿಕೆ ಮೀರಿ ಮತ್ತೆ ವೇದಿಕೆ ಹತ್ತಿದರು. ವ್ಯಕ್ತಿಗಳು ಹೋಗುತ್ತಾರೆ, ದೇಶದ ಅಗತ್ಯಗಳು ಉಳಿಯುತ್ತವೆ ಎಂದು ಹೇಳುತ್ತಿದ್ದಂತೆ ಎರಡೂ ಬದಿಯಿಂದ ಮೇಜು ಗುದ್ದುವ ಸದ್ದೂ ಕೂಗಾಟವೂ ಎದ್ದು ಮಾತು ಮುಳುಗಿಹೋಯಿತು.

ತಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಒಂದು ಅವಕಾಶ ಬೇಗನೆ ಬಂದಿತ್ತು. 1956ರ ಜನವರಿ ಚುನಾವಣೆಯಲ್ಲಿ ‘ಗಣರಾಜ್ಯ ರಂಗ’ ಎಂಬ ಎಡಮೈತ್ರಿ ಮುಂದೆ ಬಂದಾಗ, ಮತ ಕೊಟ್ಟ ಬಹಳ ಮಂದಿಯ ಮನಸ್ಸಿನಲ್ಲಿದ್ದ ಪ್ರಧಾನಿ ಮೆಂಡೆಸ್. ರಾಷ್ಟ್ರಾಧ್ಯಕ್ಷ ಕೋತಿ ಕರೆದದ್ದು ಸಮಾಜವಾದಿ ಗಿ ಮೊಲೆ ಅವರನ್ನು. ಮೊಲೆ ಆಲ್ಜಿಯರ್ಸ್‌ನಲ್ಲಿ ಫೆಬ್ರವರಿ 6ರಂದು ಯುರೋಪಿಯನ್ನರ ಟೊಮ್ಯಾಟೊ ಏಟು ತಿಂದು ನೀತಿಯನ್ನೇ ಬದಲಿಸಿದರು. ಖಾತೆಯಿಲ್ಲದ ಮಂತ್ರಿಯಾಗಿದ್ದ ಮೆಂಡೆಸ್ ಮೇ 23ರಂದು ಆಲ್ಜೀರಿಯಾ ನೀತಿಯನ್ನು ವಿರೋಧಿಸಿ ಹೊರಬಂದರು. ಮರುವರ್ಷ ಯುರೋಪಿನ ಸಾಮಾನ್ಯ ಮಾರುಕಟ್ಟೆಯ ರೋಮ್ ಒಪ್ಪಂದವನ್ನೂ ವಿರೋಧಿಸಿದರು. ಫ್ರಾನ್ಸಿನ ಕೈಗಾರಿಕೆ ಜರ್ಮನಿಯ ಪೈಪೋಟಿಗೆ ಸಿದ್ಧವಾಗಿಲ್ಲ ಎಂಬ ಅವರ ಲೆಕ್ಕ ಈ ಸಲ ತಪ್ಪಾಯಿತು. ಚುನಾಯಿತ ಸಭೆ ತನ್ನ ಅಧಿಕಾರವನ್ನು ಹೊರಗಿನ ಸಂಸ್ಥೆಯೊಂದಕ್ಕೆ ಒಪ್ಪಿಸುವುದು ಪ್ರಜಾಪ್ರಭುತ್ವದ ಶರಣಾಗತಿ ಎಂಬ ವಾದ ಮಾತ್ರ ಯುರೋಪಿನಲ್ಲಿ ಇಂದಿಗೂ ಜೀವಂತವಾಗಿದೆ.

1958ರ ಮೇ ತಿಂಗಳಲ್ಲಿ ಆಲ್ಜಿಯರ್ಸ್‌ನ ಸೇನಾಧಿಕಾರಿಗಳ ಬಂಡಾಯದ ನೆರಳಿನಲ್ಲಿ ದ ಗಾಲ್ ಮರಳಿದರು. ಜೂನ್ 1ರಂದು ದ ಗಾಲ್ ಸರ್ಕಾರದ ವಿರುದ್ಧ ಮೆಂಡೆಸ್ ಮತ ಹಾಕಿದರು. 1943ರಲ್ಲಿ ತಮ್ಮನ್ನು ಕರೆದ ವ್ಯಕ್ತಿಯ ಮೇಲಿನ ಗೌರವ ಕಡಿಮೆಯಾಗಿಲ್ಲ, ಆದರೆ ಬಂದೂಕಿನ ಬೆದರಿಕೆಯಡಿ ಹುಟ್ಟುವ ಸರ್ಕಾರಕ್ಕೆ ಸಮ್ಮತಿ ಕೊಡಲಾರೆ ಎಂಬುದು ಅವರ ನಿಲುವು. ನವೆಂಬರ್ ಚುನಾವಣೆಯಲ್ಲಿ ಸ್ವಂತ ಕ್ಷೇತ್ರದಲ್ಲೇ ಸೋತು, 1935ರಲ್ಲಿ ಮೊದಲು ಗಳಿಸಿದ್ದ ಲೂವಿಯೆಯ ಮೇಯರ್ ಹುದ್ದೆಯನ್ನೂ ಬಿಟ್ಟರು. 1962ರಲ್ಲಿ ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸುವ ಪದ್ಧತಿ ಬಂದಾಗ ಅದನ್ನೂ ತಿರಸ್ಕರಿಸಿದರು: ಏಳು ವರ್ಷಕ್ಕೊಮ್ಮೆ ಒಬ್ಬ ವ್ಯಕ್ತಿಗೆ ಎಲ್ಲವನ್ನೂ ಒಪ್ಪಿಸಿ, ಆತ ಸಭೆಗೆ ಉತ್ತರ ಕೊಡಬೇಕಿಲ್ಲದ ವ್ಯವಸ್ಥೆ ಪ್ರಜೆಗಳನ್ನು ಪ್ರೇಕ್ಷಕರಾಗಿಸುತ್ತದೆ ಎಂದರು. 1965ರಲ್ಲಿ ಎಡಪಂಥಕ್ಕೆ ಅವರಷ್ಟು ಹೆಸರಿನ ಅಭ್ಯರ್ಥಿ ಬೇರೆ ಇರಲಿಲ್ಲವಾದರೂ ಅವರು ನಿಲ್ಲಲಿಲ್ಲ. ನಿಂತವರು ಮಿತರಾಂ, ಅವರೂ ಆ ಸಂವಿಧಾನವನ್ನು ಕಟುವಾಗಿ ಟೀಕಿಸಿದವರೇ, ಆದರೆ ಆಟದ ನಿಯಮ ಬದಲಾಗಿದೆಯೆಂದು ಅರಿತು ಆಡಲಿಳಿದರು. ಮೆಂಡೆಸ್ ಕೂಡ ಮಿತರಾಂಗೇ ಬೆಂಬಲ ಕೊಟ್ಟರು.

ಉಳಿದದ್ದು ಸಣ್ಣ ಕಥೆ. 1967ರಲ್ಲಿ ಗ್ರೆನೋಬಲ್‌ನಿಂದ ಗೆದ್ದು ಮರುವರ್ಷವೇ ಸೋತರು. 1968ರ ಮೇ 27ರಂದು, ವಿದ್ಯಾರ್ಥಿ ದಂಗೆಯ ನಡುವೆ, ಶಾರ್ಲೆತಿ ಕ್ರೀಡಾಂಗಣದ ವಿದ್ಯಾರ್ಥಿ ಸಭೆಗೆ ಹೋಗಿ ಒಂದು ಮಾತೂ ಆಡದೆ ಕುಳಿತಿದ್ದರು; ವಿರೋಧಿಗಳಿಗೆ ಅಷ್ಟೇ ಸಾಕಾಯಿತು, ಅಧಿಕಾರಕ್ಕೆ ಹೊಂಚು ಹಾಕುತ್ತಿದ್ದಾರೆಂದರು. 1969ರ ಅಧ್ಯಕ್ಷೀಯ ಚುನಾವಣೆಯಲ್ಲಿ ಗಾಸ್ತೊಂ ದೆಫೆರ್ ಅಭ್ಯರ್ಥಿಯಾಗಿ, ಗೆದ್ದರೆ ಪ್ರಧಾನಿಯಾಗುವವರಾಗಿ ಮೆಂಡೆಸ್ ಜೊತೆಯಲ್ಲಿ ಪ್ರಚಾರ ಮಾಡಿದರು. ಅಧ್ಯಕ್ಷ ಮತ್ತು ಪ್ರಧಾನಿ ಒಟ್ಟಾಗಿ ಜನರ ಮುಂದೆ ಬರಬೇಕೆಂಬ ತಮ್ಮ ಸಿದ್ಧಾಂತವನ್ನು ಅವರು ಪ್ರಯೋಗಿಸಿ ನೋಡಿದ್ದು ಅದೊಂದೇ ಸಲ. ಸಿಕ್ಕಿದ್ದು ಶೇಕಡಾ 5ರಷ್ಟು ಮತ. 1981ರಲ್ಲಿ ಮಿತರಾಂ ಅಧ್ಯಕ್ಷರಾದಾಗ ಮೆಂಡೆಸ್‌ಗೆ 74 ವರ್ಷ, ಆರೋಗ್ಯವೂ ಕೆಟ್ಟಿತ್ತು. 1982ರ ಅಕ್ಟೋಬರ್ 18ರಂದು ಅವರು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. 1954ರಲ್ಲಿ ಅವರ ಒಳಾಡಳಿತ ಮಂತ್ರಿಯಾಗಿದ್ದ ಮಿತರಾಂ, ಮೆಂಡೆಸ್ ಒಪ್ಪದ ಅದೇ ಸಂವಿಧಾನದಡಿ ಹದಿನಾಲ್ಕು ವರ್ಷ ಅಧ್ಯಕ್ಷರಾಗಿದ್ದರು.